ಲಗಮಪ್ಪಜ್ಜನ ತಲೆಯೊಳಗಿನ ನೀರು

ಕುಲಗೋಡದಲ್ಲಿ ಒಬ್ಬ ಕುರುಬರ ಅಜ್ಜನಿದ್ದ, ಈಗಲೂ ಇದ್ದಾನೆ. ಹೆಸರು ಲಗಮಪ್ಪ. ಕುರಿಗಳ ಹಿಂದೆ ಅವನು ನಡೆದರೆ ಮುಳ್ಳುಕಂಟಿಗಳೇ ಸರಿದು ದಾರಿ ಬಿಡುತ್ತಿದ್ದವು.

ಅಂಥವನ ಕಾಲು ನೆಲಕ್ಕೆ ಅಂಟಿಕೊಂಡಂತಾಯಿತು. ಹೆಜ್ಜೆ ಎತ್ತಲಾರ, ಎಳೆಯುವನು. ಧೋತರ ಒದ್ದೆಯಾದದ್ದೂ ತಿಳಿಯದು. ಒಂದು ಕುರಿಯ ಮರಿಯನ್ನು ಇನ್ನೊಂದರ ಮೊಲೆಗೆ ಬಿಡುವನು.

"ವಯಸ್ಸಾತು, ಅರಳು ಮರಳು" ಎಂದ ಮಗ ಭೀಮಶಿ. ಕುರಿಗಳನ್ನೆಲ್ಲ ಮಾರಲು ಮೂಡಲಗಿಯ ವ್ಯಾಪಾರಿಗೆ ಹೇಳಿಕಳಿಸಿದ. ಅಜ್ಜ ಕುರಿಹಟ್ಟಿಯ ಕಡೆ ಮುಖ ಮಾಡಿ ಕುಳಿತ.

ಆಶಾ ಕಾರ್ಯಕರ್ತೆ ನಂದಾ ಬಂದಾಗ ಭೀಮಶಿ ಅಪ್ಪನಿಗೆ ಗುಳಿಗೆ ನುಂಗಿಸುತ್ತಿದ್ದ.

"ಯಾವ ಗುಳಿಗಿ ಅದು?"

"ಬಾಜೂಮನಿ ತಾಯವ್ವಂದು, ಅಕ್ಕಾ. ಆಕಿಗೂ ಮರವು, ಅಪ್ಪಗೂ ಮರವು. ಒಂದು ಕುರಿಗೆ ಜಡ್ಡ ಬಂದ್ರ ಎಲ್ಲಾವಕ್ಕೂ ಅದ ಔಷಧ ಕುಡಸೂದಿಲ್ಲೇನು?"

"ಛಲೋ ಡಾಕ್ಟರ್ ಆದಿ ಬಿಡಪಾ! ಕುರಿ ಕುಂಟಿದ್ರ ಏನ ಮಾಡ್ತಿ?"

"ಗೊರಸು ಎತ್ತಿ ನೋಡ್ತೇನಿ. ಮುಳ್ಳ ಚುಚ್ಚಿರತೈತಿ, ಕೊಳತಿರತೈತಿ, ಇಲ್ಲಾ ಎಲುಬ ಮುರದಿರತೈತಿ."

"ಮತ್ತ ಅಪ್ಪನ ತಲಿ ನೋಡದನ ಗುಳಿಗಿ ಹೆಂಗ ಕೊಟ್ಟಿ?"

ಭೀಮಶಿ ಉಳಿದ ಗುಳಿಗೆಗಳನ್ನು ಕೆಳಗಿಟ್ಟ. ಅವನ ತಾಯಿ ಸಾವಿತ್ರವ್ವ ಕೇಳಿದಳು: "ತಲಿ ಬಿಚ್ಚಿ ನೋಡಾಕ ಬರತೈತೇನವಾ?"

"ಬಿಚ್ಚೂದ ಬ್ಯಾಡ ಕಾಕೂ. ಸ್ಕ್ಯಾನ್ ಮಾಡಿದ್ರ ಒಳಗಿನ ಚಿತ್ರ ಬರತೈತಿ. ಮೆದುಳು ಸೊರಗೇತೋ, ರಕ್ತನಾಳ ಕಟ್ಟೇತೋ, ನೀರ ತುಂಬೇತೋ, ಕಾಣತೈತಿ. ಮೆದುಳಿನ ಸುತ್ತಲಿನ ನೀರ ಬೆನ್ನೆಲುಬಿನಾಗೂ ಇರತೈತಿ; ಅದನ್ನ ಸೂಜೀಲೆ ತಗದು ಪರೀಕ್ಷಾ ಮಾಡಿದ್ರ ಇನ್ನೂ ಖಾತ್ರಿ ಆಗತೈತಿ. ಎಲ್ಲಾ ಮರವು ಒಂದ ಅಲ್ರಿ."

ಬೆಳಗಾವಿಯ ದೊಡ್ಡಾಸ್ಪತ್ರೆಗೆ ಹೋದರು. ಸ್ಕ್ಯಾನಿನಲ್ಲಿ ಅಜ್ಜನ ಮೆದುಳಿನೊಳಗೆ ಹೆಚ್ಚು ನೀರು ತುಂಬಿದ್ದು ಕಂಡಿತು. ಬೆನ್ನಿನಿಂದ ಸ್ವಲ್ಪ ನೀರು ತೆಗೆದ ಮೇಲೆ ಅಜ್ಜನ ಹೆಜ್ಜೆ ಹಗುರಾಯಿತು. ಆ ನೀರಿನಲ್ಲಿರುವ ಪ್ರೋಟೀನುಗಳನ್ನು ಅಳೆದಾಗ ಮೆದುಳನ್ನು ಸೊರಗಿಸುವ ಅಲ್ಜೈಮರ್ ಕಾಯಿಲೆಯ ಗುರುತು ಸಿಗಲಿಲ್ಲ. ತಲೆಯಿಂದ ಹೊಟ್ಟೆಗೆ ಚರ್ಮದ ಕೆಳಗೆ ಸಣ್ಣ ನಳಿಕೆ ಇಟ್ಟು, ಹೆಚ್ಚಿನ ನೀರು ಇಳಿದುಹೋಗುವಂತೆ ಡಾಕ್ಟರು ಆಪರೇಷನ್ ಮಾಡಿದರು. ತಾಯವ್ವನದು ಬೇರೆ ಬಗೆಯ ಮರೆವು; ಆಕೆಯ ಗುಳಿಗೆ ಆಕೆಗೇ ಸರಿ.

ಕೆಲವು ವಾರಗಳ ಮೇಲೆ, ಭೀಮಶಿ ಹಿಂದೆ ಹೇಳಿಕಳಿಸಿದ್ದ ವ್ಯಾಪಾರಿ ಗಾಡಿ ತಂದು ಹಟ್ಟಿಯ ಮುಂದೆ ನಿಲ್ಲಿಸಿದ. ಲಗಮಪ್ಪಜ್ಜ ಎದ್ದ. ಒಂದೊಂದೇ ಹೆಜ್ಜೆ ಎತ್ತಿ ಇಟ್ಟು ಬಂದು ಬಾಗಿಲಿಗೆ ಅಡ್ಡ ನಿಂತ.

"ಯಾರನ್ನ ಕೇಳಿ ವ್ಯಾಪಾರ ಮಾಡೀಯೋ ಭೀಮಶಿ? ನಾ ಇನ್ನೂ ಅದೇನಿ!"

ಭೀಮಶಿ ನಗುತ್ತಲೇ ಕಣ್ಣೊರೆಸಿಕೊಂಡ. ವ್ಯಾಪಾರಿ ಚಹಾ ಕುಡಿದು ಖಾಲಿ ಗಾಡಿಯಲ್ಲಿ ಹೋದ. ಅಜ್ಜ ಹಟ್ಟಿಯ ಬಾಗಿಲು ತೆರೆದ. ಕುರಿಗಳೆಲ್ಲ ಅವನ ಸುತ್ತ ಮುತ್ತಿಕೊಂಡವು.

ಅಕ್ಕ-ಅಣ್ಣಂದಿರೇ, ಎಲ್ಲ ಮರೆವೂ ಹೀಗೆ ಹಿಮ್ಮೆಟ್ಟದು. ಆದರೆ ಯಾವ ಬಗೆಯೆಂದು ತಿಳಿದರೆ ಸರಿಯಾದ ಚಿಕಿತ್ಸೆ, ಸರಿಯಾದ ಆರೈಕೆ ಸಿಗುತ್ತದೆ. ನಿಮ್ಮ ಮನೆಯ ಹಿರಿಯರು ಮರೆಯತೊಡಗಿದರೆ, ಹೆಜ್ಜೆ ತಪ್ಪಿದರೆ, ಮುಪ್ಪೆಂದು ಮೂಲೆಗೆ ಕೂರಿಸಬೇಡಿ. ಇನ್ನೊಬ್ಬರ ಗುಳಿಗೆ ಕೊಡಬೇಡಿ. ಬೇಗ ಡಾಕ್ಟರಿಗೆ ತೋರಿಸಿ, ಹೇಳಿದ ಪರೀಕ್ಷೆ ಮಾಡಿಸಿ.