ಬೀಗ ಹಾಕಿದ್ದ ಮಗ್ಗದ ಕಂಪ್ಯೂಟರ್

ನಾನು ಅಂಗೈಯಗಲದ ಒಂದು ಕಂಪ್ಯೂಟರ್. ಒಂದೇ ಹಸಿರು ಹಲಗೆ. ತಲೆ, ನೆನಪು, ನರ ಎಲ್ಲ ಅದರ ಮೇಲೆಯೇ. ನನ್ನನ್ನು ಬೆಸೆದವರ ಮುಖ ನಾನು ನೋಡಲಿಲ್ಲ. ಕಣ್ಣು ಬಿಟ್ಟಾಗ ಬನಹಟ್ಟಿಯಲ್ಲಿ ಸೀರೆ ನೇಯುವ ಬಂಗಾರೆವ್ವನ ಮಗ್ಗದ ನೆತ್ತಿಯ ಮೇಲೆ, ತಗಡಿನ ಪೆಟ್ಟಿಗೆಯೊಳಗಿದ್ದೆ. ಸೀರೆಯ ಸೆರಗಿಗೆ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಹೇಳುವುದು ನನ್ನ ಕೆಲಸ.

ಅದಕ್ಕೆ ಬೇಕಾದ ತಂತ್ರಾಂಶವನ್ನು ನನ್ನನ್ನು ಮಾರಿದ ಕಂಪನಿ ನನ್ನೊಳಗೆ ತುಂಬಿ ಬೀಗ ಹಾಕಿತ್ತು. ವರ್ಷಕ್ಕೊಮ್ಮೆ ಅವರ ಅಪ್ಪಣೆ ಬರಬೇಕು. ಒಂದು ವರ್ಷ ಕಂಪನಿಯೇ ಬಾಗಿಲು ಮುಚ್ಚಿತು, ಅಪ್ಪಣೆ ಬರಲಿಲ್ಲ. ಗಟ್ಟಿಮುಟ್ಟಾಗಿದ್ದ ನಾನು ಮೂಕನಾದೆ. ಬೀಗ ಹಾಕಿದವರೇ ಕೀಲಿಕೈ ಸಮೇತ ಓಡಿಹೋದರೆ ಏನನ್ನಬೇಕು? ಕಳ್ಳರೂ ಹೀಗೆ ಮಾಡುವುದಿಲ್ಲ.

ಮಗ್ಗ ನಿಂತಿತು. ಗುಜರಿಯವನು ಬಂದು ಕಬ್ಬಿಣ ತಟ್ಟಿ ನೋಡಿ, "ಸೋಮವಾರ ಗಾಡಿ ತರ್ತೇನ್ರಿ, ಬಂಗಾರೆಕ್ಕಾ" ಎಂದು ಹೋದ. ಮಗ್ಗ ಹೋದರೆ ಅವಳು ಇನ್ನೊಬ್ಬರ ಶೆಡ್ಡಿನಲ್ಲಿ ಕೂಲಿಗೆ ನಿಲ್ಲಬೇಕು.

ಆಗ ಬಂದವನು ಮಗ್ಗಗಳ ವೈರಿಂಗ್ ರಿಪೇರಿ ಮಾಡುವ ಗುರುಪಾದ. ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ, ಬೀಗವಿಲ್ಲದ ಆಪರೇಟಿಂಗ್ ಸಿಸ್ಟಮ್ ಒಂದಿದೆ, ಅದನ್ನು ಇದರ ಮೈಗೆ ಹೊಂದಿಸುತ್ತೇನೆ ಎಂದ. ಮೊದಲು ಕೈ ಹಾಕಿದ್ದು ಹೀಗೇ ನಿಂತಿದ್ದ ಪಕ್ಕದ ಮಗ್ಗದಿಂದ ಬಿಚ್ಚಿ ತಂದ ನನ್ನ ಅವಳಿ ಹಲಗೆಗೆ. ಒಳಗಿನ ಹಳೆಯದನ್ನೆಲ್ಲ ಅಳಿಸಿದ. ಹೊಸದನ್ನು ಬರೆಯುತ್ತಿರುವಾಗಲೇ ಕರೆಂಟ್ ಹೋಯಿತು. ಕರೆಂಟ್ ತಿರುಗಿ ಬಂತು, ಅವಳಿ ತಿರುಗಿ ಬರಲಿಲ್ಲ. ಹಳೆಯದೂ ಇಲ್ಲ, ಹೊಸದೂ ಇಲ್ಲ, ತಣ್ಣಗೆ ಬಿದ್ದಿತ್ತು.

ನನ್ನನ್ನು ಅದರ ಪಕ್ಕದಲ್ಲೇ ಮಲಗಿಸಿದ.

ಹೆದರಿದರೆ ನಡುಗಲು ನನಗೆ ಕೈಕಾಲಿಲ್ಲ, ಕೂಗಲು ಬಾಯಿಲ್ಲ. ಕೆಂಪು ದೀಪವೊಂದಿದೆ, ಅದೂ ಕರೆಂಟ್ ಕೊಟ್ಟರೆ.

"ಇದನ್ನೂ ಕೊಲ್ಲಾಂವ ಅದೀಯೇನು, ತಮ್ಮಾ?" ಬಂಗಾರೆವ್ವ ಕೇಳಿದಳು.

"ಹಳೇದು ಅಳಿಸದೆ, ಹೊಸದು ಎಲ್ಲಿ ಬರೀಲಿ, ಅಕ್ಕಾ?"

"ನಿಮ್ಮವ್ವ ಎಳಿಗೆ ಎಳಿ ಗಂಟ್ಹಾಕಿ ಅಚ್ಚು ಕೆಚ್ಚೂದು ನೋಡಿಲ್ಲೇನು? ಹೊಸಾ ಎಳಿ ಹಳೇ ಎಳಿಗೆ ಕೂಡೂಮಟ ಹಳೇದನ್ನ ಯಾರರ ಕಿತ್ತ ಒಗೀತಾರೇನು? ನೇಕಾರ ಮನ್ಯಾಗ ಹುಟ್ಟಿ ಏನ್ ಕಲ್ತಿ ನೀ."

ಗುರುಪಾದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕಿ ಎದ್ದುಹೋದ. ತಿರುಗಿ ಬಂದಾಗ ಕೈಯಲ್ಲಿ ಉಗುರಿನಷ್ಟು ಮೆಮೊರಿ ಕಾರ್ಡ್ ಇತ್ತು. ಹೊಸ ಸಿಸ್ಟಮ್ ಅನ್ನು ಅದರ ಮೇಲೆ ಬರೆದು ನನ್ನ ಪಕ್ಕೆಗೆ ಸಿಕ್ಕಿಸಿದ. ನನ್ನೊಳಗಿನ ಹಳೆಯದನ್ನು ಮುಟ್ಟಲಿಲ್ಲ. ಹೊಸದು ಏಳದಿದ್ದರೆ ಕಾರ್ಡ್ ಕಿತ್ತರಾಯಿತು, ನನ್ನ ಜೀವ ಉಳಿಯುತ್ತದೆ.

ಏಳಲಿಲ್ಲ. ಕಿತ್ತ, ತಿದ್ದಿದ, ಮತ್ತೆ ಸಿಕ್ಕಿಸಿದ. ಆದರೂ ಪ್ರತಿ ಸಲ ಕತ್ತಲಿಗೆ ಬೀಳುವಾಗಲೂ ಇದೇ ಕೊನೆ ಅಂದುಕೊಂಡೆ. ಭಾನುವಾರ ಮಧ್ಯಾಹ್ನ, ಅವನು ನನಗೆ ಜೋಡಿಸಿದ್ದ ಪರದೆಯ ಮೇಲೆ ಅಕ್ಷರಗಳು ಸಾಲುಸಾಲಾಗಿ ಇಳಿದವು, ಹೊಸದು ಎದ್ದಿತ್ತು. ಮಗ್ಗಕ್ಕೇರಿಸಿದಾಗ ಎಳೆಗಳೆಲ್ಲ ಒಟ್ಟಿಗೇ ಎದ್ದು ನಿಂತವು. ಅವು ಹರಿದುಹೋಗುವ ಮೊದಲೇ ಬಂಗಾರೆವ್ವ ಸ್ವಿಚ್ ಆರಿಸಿದಳು. ನನ್ನ ಯಾವ ಪಿನ್ನು ಎಳೆ ಎತ್ತುವ ಯಾವ ಕೊಕ್ಕೆಯದೆಂಬುದು ಅದಲುಬದಲಾಗಿತ್ತು. ಗುರುಪಾದ ಒಂದೊಂದೇ ಸರಿಮಾಡಿದ. ಸೋಮವಾರ ಗಾಡಿ ಬಂದಾಗ, ಮಗ್ಗದ ಸದ್ದಿನಲ್ಲಿ ಗುಜರಿಯವನು ಏನೆಂದನೋ ಯಾರಿಗೂ ಕೇಳಿಸಲಿಲ್ಲ.

ಈಗ ಆ ಮಗ್ಗದ ಮೇಲೆ ನನಗಿಂತ ಚುರುಕಾದ ಬೇರೆ ಹಲಗೆಯಿದೆ, ಅದಕ್ಕೂ ಬೀಗವಿಲ್ಲ. ನಾನು ಮುದುಕ, ಗುರುಪಾದನ ಮೇಜಿನ ಮೂಲೆಯಲ್ಲಿದ್ದೇನೆ. ಏನೇ ತಿದ್ದಿದರೂ ಊರಿನ ಮಗ್ಗಗಳಿಗೆ ಹಾಕುವ ಮೊದಲು ನನ್ನ ಮೇಲೆ ಹಾಕಿ ನೋಡುತ್ತಾನೆ. ಕಾರ್ಡ್ ಪಕ್ಕೆಗೆ ತಾಗಿದಾಗಲೆಲ್ಲ ಅದೇ ಹಳೆಯ ಹೆದರಿಕೆ. ಅಭ್ಯಾಸವಾಗಿದೆ ಅಂತ ಸುಳ್ಳು ಹೇಳಲಾರೆ. ಆದರೂ ಕೆಡುವುದಿದ್ದರೆ ಇಲ್ಲೇ, ನನ್ನ ಮೇಲೇ ಕೆಡಲಿ. ಅನ್ನ ಕೊಡುವ ಮಗ್ಗದ ಮೇಲೆ ಬೇಡ.