ಬಡವರ ಪೆಟ್ಟಿಗೆ

ನಾನು ಒಂದು ಶವಪೆಟ್ಟಿಗೆ. ಹೆಸರು ಕೇಳಿಯೇ ಹಿಂದೆ ಸರಿಯಬೇಡಿ; ನಾನು ಯಾರನ್ನೂ ಕೊಂದಿಲ್ಲ.

ಚರ್ಚಿನ ಹಿತ್ತಲಲ್ಲಿ ಗಾಳಿಗೆ ಉರುಳಿದ ಹಲಸಿನ ಮರದಿಂದ ಬಡಗಿ ರಾಯಪ್ಪ ನನ್ನನ್ನು ಮಾಡಿದ. ಮುಚ್ಚಳದ ಮೇಲೆ ಹಿತ್ತಾಳೆಯ ಶಿಲುಬೆ ಬಡಿದ. ನಮ್ಮೂರಿನ ಕ್ರೈಸ್ತರಲ್ಲಿ ಹೆಚ್ಚಿನವರು ಕಲ್ಲು ಕ್ವಾರಿಯ ಕೂಲಿಗಳು. ಸ್ವಂತ ಪೆಟ್ಟಿಗೆ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಅದಕ್ಕೇ ಎಲ್ಲರಿಗೂ ನಾನೊಂದೇ. ಸತ್ತವರನ್ನು ಸಮಾಧಿಯವರೆಗೆ ನನ್ನಲ್ಲಿ ಹೊತ್ತೊಯ್ದು, ಬಿಳಿ ಬಟ್ಟೆಯಲ್ಲಿ ಸುತ್ತಿ ಮಣ್ಣಿಗಿಳಿಸಿ, ನನ್ನನ್ನು ತೊಳೆದು ಮತ್ತೆ ಚರ್ಚಿಗೆ ತರುತ್ತಿದ್ದರು. ಬದುಕಿಡೀ ಕಲ್ಲು ಹೊತ್ತವರನ್ನು ಅದೊಂದು ದಿನ ಬೇರೆಯವರು ಹೊರುತ್ತಿದ್ದರು. ಆ ಕೆಲಸ ನನಗೆ ಹೆಮ್ಮೆಯದಾಗಿತ್ತು.

ಪಾದ್ರಿಗಳು ಪೇಟೆಯಲ್ಲಿದ್ದುದರಿಂದ ಚರ್ಚಿನ ಬೀಗದ ಕೈ ಉಪದೇಶಿ ಇನ್ನಾಸಪ್ಪನ ಸೊಂಟದಲ್ಲಿರುತ್ತಿತ್ತು. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು, ಪರರ ಸೊತ್ತಿಗೆ ಆಸೆಪಡಬಾರದೆಂದು ದೊಡ್ಡ ಗಂಟಲಿನಲ್ಲಿ ಬಾಯಿಪಾಠ ಮಾಡಿಸುತ್ತಿದ್ದವನೂ ಅವನೇ. ಆ ವರ್ಷ ಅವನ ಹೊಲದಲ್ಲಿ ರಾಗಿ ಚೆನ್ನಾಗಿ ಬಂದಿತ್ತು. ಮನೆಯಲ್ಲಿ ಇಲಿಗಳೂ ಚೆನ್ನಾಗಿಯೇ ಬಂದಿದ್ದವು. ಊರೆಲ್ಲ ಕ್ವಾರಿಗೆ ಹೋದ ಹೊತ್ತು ನೋಡಿ, ನನ್ನನ್ನು ಗಾಡಿಯಲ್ಲಿ ಹುಲ್ಲಿನಡಿ ಬಚ್ಚಿಟ್ಟು ಮನೆಗೆ ಸಾಗಿಸಿದ. ಶಿಲುಬೆಯನ್ನು ಕಿತ್ತ. ಅದರ ಗುರುತು ಮಾತ್ರ ಮುಚ್ಚಳದ ಮೇಲೆ ಬೆಳ್ಳಗೆ ಉಳಿಯಿತು.

ಅವನ ಹೆಂಡತಿ ತೆರೇಜಮ್ಮ ಬಾಗಿಲಲ್ಲೇ ತಡೆದಳು. "ಹೆಣ ಹೊರೋ ಪೆಟ್ಗೇಲಿ ರಾಗಿ ತುಂಬ್ತೀರಾ?"

"ಮರಕ್ಕೇನು ಗೊತ್ತಾಯ್ತದೆ? ಸುಮ್ಕಿರು" ಎಂದ ಇನ್ನಾಸಪ್ಪ.

ಮರಕ್ಕೆ ಗೊತ್ತಾಗುತ್ತದೆ. ಹೊಟ್ಟೆ ತುಂಬ ರಾಗಿ ತುಂಬಿಕೊಂಡು ನಾನು ನಾಚಿಕೆಯಿಂದ ಬೇಯುತ್ತ ಕುಳಿತೆ.

ಮುಂದಿನ ಮಳೆಗಾಲದಲ್ಲಿ ಕ್ವಾರಿಯ ಬಂಡೆ ಜಾರಿ ಜೋಜಪ್ಪ ಸತ್ತ. ಅವನ ಹೆಂಡತಿ ಲೂರ್ದಮ್ಮ ನೆನೆದುಕೊಂಡೇ ಇನ್ನಾಸಪ್ಪನ ಜಗಲಿಗೆ ಬಂದಳು. ಗೋಡೆಯ ಈಚೆ ನಾನಿದ್ದೆ.

"ಪೆಟ್ಗೆ ಕೊಡ್ಸಿ ಉಪದೇಶಿಗಳೇ. ನಮ್ಮವ್ರ ಅಪ್ಪ ಅವ್ವ ಇಬ್ರೂ ಅದ್ರಲ್ಲೇ ಹೋದ್ರು."

"ಅದು ಗೆದ್ಲು ತಿಂದೋಯ್ತು ಕಣವ್ವ. ಸುಟ್ಟಾಕ್ಬುಟ್ಟೆ."

ಒಳಗೆ ತೆರೇಜಮ್ಮ ನನ್ನ ಮುಚ್ಚಳದ ಮೇಲೆ ಕೈಯಿಟ್ಟು ನಿಂತಿದ್ದಳು.

ಜೋಜಪ್ಪನನ್ನು ಈಚಲ ಚಾಪೆಯಲ್ಲಿ ಸುತ್ತಿ ನಮ್ಮ ಬಾಗಿಲ ಮುಂದೆಯೇ ಒಯ್ದರು. ಆಳು ಉದ್ದ, ಚಾಪೆ ಗಿಡ್ಡ. ಹೊರಬಿದ್ದ ಪಾದಗಳು ಮಳೆಯಲ್ಲಿ ನೆನೆಯುತ್ತಿದ್ದವು. ಲೂರ್ದಮ್ಮ ಹಿಂದಿನಿಂದ ಸೆರಗು ಚಾಚಿ ಮುಚ್ಚಲು ನೋಡುತ್ತಿದ್ದಳು. ಹೊತ್ತವರ ನಡಿಗೆಗೆ ಅದು ಜಾರಿ ಜಾರಿ ಬೀಳುತ್ತಿತ್ತು. ಅಂದು ತೆರೇಜಮ್ಮ ಉಣ್ಣಲಿಲ್ಲ. ಇನ್ನಾಸಪ್ಪ ಉಂಡ.

ಹಲವು ವರ್ಷಗಳ ಮೇಲೆ ಇನ್ನಾಸಪ್ಪನೂ ಸತ್ತ. ಅದೂ ಮಳೆಗಾಲವೇ. ಹೊಳೆ ಸೇತುವೆಯ ಮೇಲೆ ಹರಿಯುತ್ತಿತ್ತು. ಪೇಟೆಯಿಂದ ಪೆಟ್ಟಿಗೆ ತರಲು ದಾರಿಯಿರಲಿಲ್ಲ. ಜನ ಚಾಪೆ ಹುಡುಕತೊಡಗಿದಾಗ ತೆರೇಜಮ್ಮ ನನ್ನೊಳಗಿನ ರಾಗಿಯನ್ನೆಲ್ಲ ನೆಲಕ್ಕೆ ಸುರಿದಳು.

"ಇದು ಚರ್ಚಿನ ಪೆಟ್ಗೆ. ಇವ್ರು ಸುಟ್ಟಿರ್ನಿಲ್ಲ, ಕದ್ದಿದ್ರು. ನಾನೂ ಇದ್ರಲ್ಲಿದ್ದಿದ್ನ ತಿಂದೆ" ಎಂದಳು.

ಮುಚ್ಚಳದ ಬಿಳಿ ಗುರುತನ್ನು ಎಲ್ಲರೂ ನೋಡಿದರು. ಲೂರ್ದಮ್ಮನೂ ನೋಡಿದಳು. ಆಮೇಲೆ ಅವನನ್ನು ನನ್ನಲ್ಲಿ ಮಲಗಿಸಿ ಹೊತ್ತರು.

ಗುಂಡಿಯ ಬಳಿ ಇನ್ನಾಸಪ್ಪನ ತಮ್ಮ, "ಉಪದೇಶಿಗಳು ಅವ್ರು, ಪೆಟ್ಗೆ ಸಮೇತ ಇಳ್ಸಿ" ಎಂದ.

"ಬ್ಯಾಡಿ" ಎಂದು ಲೂರ್ದಮ್ಮ ಮುಂದೆ ಬಂದಳು. "ನಾಳೆ ಇನ್ನೊಬ್ರಿಗೆ ಬೇಕಾಯ್ತದೆ."

ಅವನನ್ನು ಹೊರಗೆ ತೆಗೆದರು. ಬಿಳಿ ಬಟ್ಟೆಗೆ ರಾಗಿ ಕಾಳು ಅಂಟಿಕೊಂಡಿದ್ದವು. ಎತ್ತುವಾಗ ಬಟ್ಟೆ ಸರಿದು ಪಾದಗಳು ಹೊರಬಿದ್ದವು. ಲೂರ್ದಮ್ಮ ಬಗ್ಗಿದಳು. ಅವನ ಪಾದಗಳನ್ನು ಮುಚ್ಚಿ, ಜಾರದಂತೆ ಬಟ್ಟೆಯನ್ನು ಬಿಗಿಯಾಗಿ ಸಿಕ್ಕಿಸಿದಳು. ಆಮೇಲೆ ಕೆಸರಿನಲ್ಲೇ ಕುಸಿದು, "ನಮ್ಮವ್ರ ಕಾಲು ಮುಚ್ಚಕ್ಕಾಗ್ನಿಲ್ವಲ್ಲೋ ದೇವ್ರೇ" ಎಂದು ಗೋಳಾಡಿದಳು.

ಈಗ ನಾನು ಗಂಟೆಗೋಪುರದ ಕೆಳಗಿನ ಮೂಲೆಯಲ್ಲಿದ್ದೇನೆ. ಒಂದು ಹಲಗೆ ಸೀಳಿದೆ. ಸಂದಿಗಳಲ್ಲಿ ಇನ್ನೂ ರಾಗಿಯ ವಾಸನೆಯಿದೆ. ಎಷ್ಟು ತೊಳೆದರೂ ಹೋಗಲಿಲ್ಲ. ಕರ್ತನೆದುರು ಇನ್ನಾಸಪ್ಪ ಏನು ಹೇಳಿಕೊಂಡನೋ ಕಾಣೆ. ಕದ್ದ ವಸ್ತುವನ್ನು ಹಿಂದಕ್ಕೆ ಕೊಡಬಹುದು, ನಾನೇ ಬಂದಿದ್ದೇನಲ್ಲ. ಜೋಜಪ್ಪನ ಆ ಕೊನೆಯ ದಾರಿಯನ್ನು ಮಾತ್ರ ಯಾರೂ ಹಿಂದಕ್ಕೆ ಕೊಡಲಾರರು. ಅವನ ಉದ್ದಕ್ಕೆ ನಾನು ಸರಿಯಾಗಿಯೇ ಇದ್ದೆ.