ಬುಗುರಿಯ ಎಡಮೊಣಕಾಲು

ಮುದುಕನಿಗೆ ಅರಳುಮರಳು ಅಂತೀರಾ? ಬುಗುರಿಯ ಆ ವಿಡಿಯೊದಲ್ಲಿ ಕಾಣೋದೇ ನಿಜ, ನಾನು ಹೇಳೋದೆಲ್ಲ ಬುರುಡೆ, ಅಲ್ವಾ? ಆವತ್ತು ಅವಳು ಕುಣಿದಾಗ ಪಕ್ಕದಲ್ಲಿ ಕೂತು ಡ್ರಮ್ ಬಾರಿಸಿದ್ದು ಈ ಕೈ ಕಣ್ರೋ. ಬಾಯಿ ಮುಚ್ಚಿಕೊಂಡು ಕೇಳಿ.

ಅವಳನ್ನು ಎಲ್ಲರೂ ಬುಗುರಿ ಅಂತಲೇ ಕರೆಯುತ್ತಿದ್ದರು. ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಡ್ಯಾನ್ಸ್ ಸ್ಟುಡಿಯೊ. ವೇಷವಿಲ್ಲ, ಕಥೆಯಿಲ್ಲ, ಬರಿಗಾಲಲ್ಲಿ ನೆಲಕ್ಕೆ ಬಿದ್ದು, ಉರುಳಿ, ಏಳುವ ಹೊಸ ಕಾಲದ ಕುಣಿತ. ಕೆಳಗಿನ ಟೈಲರ್ ರೇಗಿ ಕೋಲಿನಿಂದ ಚಾವಣಿ ಕುಟ್ಟಿದರೆ, "ನೋಡ್ರೇ, ಅವನೂ ತಾಳ ಹಾಕ್ತಿದಾನೆ" ಎಂದು ನಗುತ್ತಿದ್ದಳು. ಲೈಟಿನ ಕೆಲಸ ಅವಳ ಒಡಹುಟ್ಟಿದ ಅಣ್ಣನದು. ಎಲ್ಲರಿಗೂ ಅವನು ಲೈಟಣ್ಣ. ತಂಗಿ ಎಲ್ಲಿ ನಿಲ್ಲಬೇಕೋ ಅಲ್ಲಿ ನೆಲಕ್ಕೆ ಬಿಳಿ ಟೇಪು ಅಂಟಿಸಿ, ಬೆಳಕು ಅಷ್ಟಕ್ಕೇ ಬೀಳುವಂತೆ ಕಟ್ಟುವುದು ಅವನ ಹಟ.

ಕೊನೆಯದಾಗಿ ಕಟ್ಟಿದ ಒಂಟಿ ಕುಣಿತವನ್ನು ಅವಳು ಜನರ ಮುಂದೆ ಒಮ್ಮೆ ಮಾತ್ರ ಕುಣಿದಳು. ವಿಡಿಯೊ ತೆಗೆದದ್ದೂ ಆವತ್ತೇ. ಎಂಟನೇ ಎಣಿಕೆಗೆ ಟೇಪಿನ ಮೇಲೆ ನೆಟ್ಟಗೆ ನಿಲ್ಲಬೇಕಾದವಳು ಎಡಮೊಣಕಾಲು ಕುಸಿದು, ಕೈಯೂರಿ ಎದ್ದಳು. ಕೈ ಊರಿದ್ದು ಬೆಳಕಿನ ಆಚೆ, ಕತ್ತಲಲ್ಲಿ. ಮುಗಿದ ಮೇಲೆ ಅಣ್ಣ ಉರಿದುಬಿದ್ದ.

"ಕಣ್ಣು ಎಲ್ಲಿಟ್ಟಿದ್ದೆ? ಅಷ್ಟು ದೊಡ್ಡ ಟೇಪು ಕಾಣಿಸಲ್ವಾ?"

"ಕಾಲು ಜಾರ್ತು ಅಣ್ಣ. ನಿನ್ನ ಲೈಟೇನೂ ಸವೆದುಹೋಗಲಿಲ್ಲ, ಬಿಡು."

ಎರಡು ದಿನ ಅವನು ಮಾತೇ ಆಡಲಿಲ್ಲ. ನಾಲ್ಕು ತಿಂಗಳಲ್ಲಿ ಅವಳ ಕೈಯಲ್ಲಿ ಚಮಚ ನಿಲ್ಲದಾಯಿತು. ನರದ ಕಾಯಿಲೆ. ಮೊದಲ ಸಲ ಬಲ ತಪ್ಪಿದ್ದು ಯಾವಾಗ ಎಂದು ಡಾಕ್ಟರು ಕೇಳಿದಾಗ ಅಣ್ಣ, "ಗೊತ್ತಿಲ್ಲ ಡಾಕ್ಟ್ರೇ" ಎಂದ. ತಂಗಿ ಅವನ ಮುಖ ನೋಡಿದಳು. ವರ್ಷ ತುಂಬುವ ಮುಂಚೆ ಹೋಗಿಬಿಟ್ಟಳು.

ಮರುವರ್ಷ ಅವಳ ನಾಲ್ವರು ಶಿಷ್ಯೆಯರು ಸೇರಿ ಅದೇ ಕುಣಿತ ಎತ್ತಿಕೊಂಡರು. ಅಕ್ಕ ಇಲ್ಲ, ವಿಡಿಯೊವೇ ಗುರು. ಅಭ್ಯಾಸದ ದಿನ ಲೈಟಣ್ಣ ಏಣಿಯ ಮೇಲೆ ನಿಂತು ದೀಪ ತಿರುಗಿಸುತ್ತಿದ್ದ. ಕೆಳಗೆ ಐದು, ಆರು, ಏಳು, ಎಂಟು. ನಾಲ್ಕು ಎಡಮೊಣಕಾಲು ಒಟ್ಟಿಗೆ ಕುಸಿದವು. ನಾಲ್ಕು ಕೈ ಕತ್ತಲಲ್ಲಿ ಊರಿದವು. ಡಾಕ್ಟರ ಪ್ರಶ್ನೆಗೆ ಉತ್ತರ ನಾಲ್ಕು ಕಡೆ ಕಾಣಿಸಿತು. ಅವನು ಏಣಿಯನ್ನು ತಬ್ಬಿ ಹಿಡಿದ.

ಹಿರಿಯ ಶಿಷ್ಯೆ ತಲೆಯೆತ್ತಿ ಕೇಳಿದಳು: "ಹೇಗಿದೆ ಲೈಟಣ್ಣ? ಅಕ್ಕನ ಥರಾನೇ ಬೀಳೋಕೆ ಇಪ್ಪತ್ತು ದಿನ ಬೇಕಾಯ್ತು. ಮೊಣಕಾಲೆಲ್ಲ ಕಪ್ಪಿಟ್ಟಿದೆ ನೋಡಿ. ಆದ್ರೆ ಕೈ ಮೇಲೆ ಬೆಳಕೇ ಇಲ್ವಲ್ಲ, ಯಾಕೆ?"

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ತಾನು ಬೈದಿದ್ದನ್ನೂ ಹೇಳಬೇಕು. ಆದರೆ ಬೆರಳೊಂದು ಓರೆಯಾದರೂ ಮೊದಲಿನಿಂದ ಶುರುಮಾಡುತ್ತಿದ್ದ ತಂಗಿ, ಜನರ ಕಣ್ಣಲ್ಲಿ ಎಂದೆಂದಿಗೂ ಹೀಗೆ ಕುಸಿಯುತ್ತಲೇ ಇರಬೇಕೆ? ಏಣಿ ಇಳಿದ.

"ಅದು ಡ್ಯಾನ್ಸಲ್ಲ ಕಣಮ್ಮ. ಅವಳ ಕಾಯಿಲೆ. ಮೊದಲನೇ ದಿನದ್ದು. ನಾನು ಅವಳಿಗೆ... ಟೇಪು ಕಾಣಿಸಲ್ವಾ ಅಂತ ಬೈದೆ."

ಹುಡುಗಿಯರು ಇದ್ದಲ್ಲೇ ಕೂತರು. ಕಿರಿಯವಳು ಮೊಣಕಾಲು ಸವರಿಕೊಳ್ಳುತ್ತಾ, "ಇಡೀ ಡ್ಯಾನ್ಸಲ್ಲಿ ನಂಗೆ ಅದೇ ತುಂಬಾ ಇಷ್ಟ ಆಗಿತ್ತು" ಎಂದು ಅತ್ತುಬಿಟ್ಟಳು.

"ತೆಗೀತೀವಿ ಅಣ್ಣ," ಎಂದಳು ಹಿರಿಯವಳು.

ಪ್ರದರ್ಶನದ ಸಂಜೆ, ಎಂಟಕ್ಕೆ ನಾಲ್ವರೂ ಟೇಪಿನ ಮೇಲೆ ಕಂಬದ ಹಾಗೆ ನಿಂತರು. ಆಗ ಲೈಟಣ್ಣನ ಬೆರಳು ಯಾರೂ ಹೇಳದ ಇನ್ನೊಂದು ದೀಪವನ್ನು ಏರಿಸಿತು. ಟೇಪಿನಾಚೆ, ತಂಗಿ ಕೈಯೂರಿದ್ದ ಕಡೆ, ಬರಿ ನೆಲದ ಮೇಲೆ, ಅಂಗೈಯಗಲ ಬೆಳಕು. ಇದಕ್ಕೇನೋ ದೊಡ್ಡ ಅರ್ಥವಿದೆ ಎಂದು ಜನ ತಲೆದೂಗಿದರು. ಅವನು ಎಂಟು ಎಣಿಸಿದ. ಇಳಿಸಲು ಕೈ ಬರಲಿಲ್ಲ. ಮತ್ತೊಮ್ಮೆ ಎಂಟು ಎಣಿಸಿದ.

ಆ ಹಳೇ ವಿಡಿಯೊ ಈಗಲೂ ಫೋನಿಂದ ಫೋನಿಗೆ ಹೋಗ್ತಾನೇ ಇದೆ. ಎಲ್ಲೋ ಯಾವಳೋ ಹುಡುಗಿ ಇವತ್ತೂ ಆ ಮೊಣಕಾಲು ಕಲೀತಿರಬಹುದು. ಅದು ಯಾರಿಗೆ ಹೋಗುತ್ತೋ ಅವರಿಗೆ ನನ್ನ ಈ ಮಾತನ್ನೂ ಕಳಿಸಿ. ಎಂಟಕ್ಕೆ ಬುಗುರಿ ನಿಲ್ಲೋಳು, ನೆಟ್ಟಗೆ ನಿಲ್ಲೋಳು ಅಂತ ಹೇಳಿ.